ಕಾಕ ಹಾಕದೆ ಬಿಟ್ಟ ಹಲ್ಲು

ಕಳೆದ ತಿಂಗಳು ಉರ್ವ ಮಾರ್ಕೆಟ್ಟಿನ ಎದುರು ಒಂದು ಕಾರು ಕೆಟ್ಟು ನಿಂತಿತ್ತು. ಅದರ ಅಡಿಯಿಂದ ಗೇರ್‌ಬಾಕ್ಸಿನ ಕೆಂಪು ಎಣ್ಣೆ ತೊಟ್ಟಿಕ್ಕಿ ಡಾಂಬರಿನ ಮೇಲೆ ಹರಡುತ್ತಿತ್ತು. ಸುಟ್ಟ ವಾಸನೆ. ಪೆಟ್ರೋಲಿನದಲ್ಲ, ರಬ್ಬರಿನದೂ ಅಲ್ಲ. ಮೂಗಿನೊಳಗೆ ಹೋಗಿ ಅಲ್ಲೇ ಕೂರುವಂಥ, ತುಸು ಸಿಹಿಯಾದ ಕಮಟು. ಕೈಯಲ್ಲಿ ಬಸಳೆಯ ಕಟ್ಟು ಹಿಡಿದುಕೊಂಡು ನಾನು ನಿಂತೇಬಿಟ್ಟೆ. ನಲವತ್ತು ವರ್ಷಗಳ ಹಿಂದೆ ಒಬ್ಬರ ಅಂಗಿಯಿಂದ ಸದಾ ಬರುತ್ತಿದ್ದ ವಾಸನೆ ಅದು...

ಅವರನ್ನು ಎಲ್ಲರೂ ಕಾಕ ಎನ್ನುತ್ತಿದ್ದರು. ಕುಲಶೇಖರದ ರಸ್ತೆಬದಿಯಲ್ಲಿ ಅವರದೊಂದು ತಗಡಿನ ಮಾಡಿನ ಗ್ಯಾರೇಜು. ಹರೆಯದಲ್ಲಿ ಗಲ್ಫಿನ ಗ್ಯಾರೇಜೊಂದರಲ್ಲಿ ದುಡಿದು, ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರುಗಳ ಒಳಗುಟ್ಟನ್ನು ಕೈಯಿಂದಲೇ ಕಲಿತು ಬಂದಿದ್ದರು. ಎಂಬತ್ತರ ದಶಕದ ಮಂಗಳೂರಿನಲ್ಲಿ ಅಂಥ ಕಾರುಗಳೇ ಅಪರೂಪ, ಬಿಚ್ಚಿ ಜೋಡಿಸಬಲ್ಲವರು ಇನ್ನೂ ಅಪರೂಪ. ಇಂಗ್ಲಿಷ್ ಓದಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ನನಗೂ ಅವರಿಗೂ ಪರಿಚಯವಾದದ್ದು ಅದೇ ಕಾರಣಕ್ಕೆ.

ನಾನಾಗ ಉರ್ವದಲ್ಲಿ ಅಕ್ಕನ ಮನೆಯಲ್ಲಿದ್ದು ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಅಕ್ಕನ ಗಂಡ, ನನ್ನ ಭಾವ, ಗಲ್ಫಿನಿಂದ ಮರಳುವಾಗ ಜಪಾನಿನ ಟರ್ಬೊ ಕಾರೊಂದನ್ನು ತಂದಿದ್ದರು. ಅದಕ್ಕೊಂದು ಚಾಳಿ ಇತ್ತು. ಪೆಡಲು ಒತ್ತಿದರೆ ಎರಡು ಉಸಿರಿನಷ್ಟು ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಬಾನೆಟ್ಟಿನೊಳಗೆ ಸೀಟಿಯಂಥ ಸದ್ದು, ಬೆನ್ನು ಸೀಟಿಗೆ ಅಂಟುವಂತೆ ಒಂದು ನೆಗೆತ. ಆ ಎರಡು ಉಸಿರನ್ನು ಭಾವನಿಗೆ ಸಹಿಸಲಾಗುತ್ತಿರಲಿಲ್ಲ. ಅಷ್ಟರಲ್ಲಿ ಸಿಟಿಬಸ್ಸು ಕೂಡ ಅವರನ್ನು ದಾಟಿ ಹೋಗುತ್ತಿತ್ತು. ದುಬಾಯಿಯ ಗೆಳೆಯರೊಬ್ಬರು ಅದಕ್ಕೆ ಮದ್ದು ಎಂದು ಮರದ ಪೆಟ್ಟಿಗೆಯೊಂದನ್ನು ಕಳುಹಿಸಿದರು. ಒಳಗೆ ಹೊಸ ಟಾರ್ಕ್ ಕನ್ವರ್ಟರ್, ಹಿಂದಿನ ಚಕ್ರಗಳನ್ನು ತಿರುಗಿಸುವ ಕ್ರೌನು-ಪಿನಿಯನ್ನು ಎಂಬ ಹಲ್ಲುಚಕ್ರಗಳ ಜೋಡಿ, ಜೊತೆಗೊಂದು ಇಂಗ್ಲಿಷ್ ಪುಸ್ತಿಕೆ. ಅದನ್ನು ಕಾಕನಿಗೆ ಓದಿ ಹೇಳಲು ಭಾವ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು.

ನಾನು ಓದುತ್ತಿದ್ದೆ, ಅರ್ಥವಾಗುತ್ತಿರಲಿಲ್ಲ. ಕಾಕ ಒಂದು ಬಕೆಟ್ ನೀರು ತಂದು ಅದರಲ್ಲಿ ತೆಂಗಿನ ಗೆರಟೆ ತೇಲಿಬಿಟ್ಟರು. ಕೈಯಿಂದ ನೀರನ್ನು ತಿರುಗಿಸಿದಾಗ ಗೆರಟೆಯೂ ತಿರುಗಿತು.

"ನನ್ನ ಕೈ ಇಂಜಿನು, ಗೆರಟೆ ಗೇರ್‌ಬಾಕ್ಸು. ಒಂದಕ್ಕೊಂದು ಮುಟ್ಟುವುದು ಉಂಟಾ? ಇಲ್ಲ. ನಡುವೆ ಎಣ್ಣೆ ಮಾತ್ರ. ಹೊಸ ಕನ್ವರ್ಟರು ಸ್ವಲ್ಪ ಸಡಿಲ, ಟೀಚರೇ. ಇಂಜಿನು ಮೊದಲು ಎದ್ದು ಟರ್ಬೊವನ್ನು ಎಬ್ಬಿಸ್ತದೆ, ಮತ್ತೆ ಗಾಡಿ ಹೊರಡ್ತದೆ. ಇದು ಒಳ್ಳೆದೇ."

ಆಮೇಲೆ ಕ್ರೌನನ್ನು ಮಡಿಲಲ್ಲಿಟ್ಟುಕೊಂಡು ಅದರ ಹಲ್ಲುಗಳನ್ನು ಉಗುರಿನಿಂದ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಮುಖ ಬಾಡಿತು.

"ಈ ಹಲ್ಲು ಟರ್ಬೊ ಇಲ್ಲದ ಗಾಡಿಯದ್ದು, ಧನಿಗಳೇ. ಎಳೆತ ಜಾಸ್ತಿ. ಇದನ್ನೂ ಆ ಕನ್ವರ್ಟರನ್ನೂ ಒಟ್ಟಿಗೆ ಹಾಕ್ಲಿಕ್ಕೆ ಆಗ್ಲಿಕ್ಕಿಲ್ಲ. ಒದ್ದೆ ರಸ್ತೆಯಲ್ಲಿ ಹಿಂದಿನ ಟಯರು ನೆಲ ಬಿಡ್ತದೆ, ಹಿಂದಿದ್ದದ್ದು ಮುಂದೆ ಬರ್ತದೆ."

ಎರಡನ್ನೂ ಒಂದಕ್ಕೊಂದು ಹೊಂದಿಸಿಯೇ ಆರಿಸಬೇಕೆಂದು ಪುಸ್ತಿಕೆಯಲ್ಲೂ ಇತ್ತು. ನಾನು ಅದನ್ನು ಗಟ್ಟಿಯಾಗಿಯೇ ಓದಿದೆ. ಭಾವ ನಕ್ಕರು. "ನೀನು ಹಾಕು ಮಾರಾಯ. ಓಡಿಸುವುದು ನಾನಲ್ವಾ?"

ವಾರ ಕಳೆದು ಕಾರು ಬಂತು. ಎರಡು ಉಸಿರಿನ ಕಾಯುವಿಕೆ ಮಾಯವಾಗಿತ್ತು. ಭಾವನ ಖುಷಿಗೆ ಪಾರವಿರಲಿಲ್ಲ. ಪುಸ್ತಿಕೆ ತರಲೆಂದು ನಾನೊಬ್ಬಳೇ ಗ್ಯಾರೇಜಿಗೆ ಹೋದ ದಿನ, ಮೂಲೆಯಲ್ಲಿ ಗೋಣಿ ಹೊದೆಸಿದ್ದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಕಾಕ ಅಡಗಿಸಲಿಲ್ಲ.

"ಗಾಡಿಯಲ್ಲಿ ಹಳೆ ಹಲ್ಲೇ ಉಂಟು. ಹೊಸದು ಹಾಕಲಿಲ್ಲ. ಅವರಿಗೆ ಹೇಳ್ಬೇಡಿ, ಆಯ್ತಾ?"

ಹೇಳುವುದಿಲ್ಲ ಎಂದೆ. ಮಳೆಗಾಲ, ಚಳಿಗಾಲ ಕಳೆದವು, ಹೇಳಲಿಲ್ಲ. ಎಪ್ರಿಲ್‌ನ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಭಾವ ನೆಂಟರ ಮುಂದೆ ಕಾಕನನ್ನು ಆಡಿಕೊಳ್ಳತೊಡಗಿದರು. "ಪುಕ್ಕಲ ಅವನು. ಹಿಂದಿದ್ದದ್ದು ಮುಂದೆ ಬರ್ತದಂತೆ! ಒಂದು ಮಳೆಗಾಲ ಕಳೆಯಿತು, ಎಲ್ಲಿ ಬಂತು?" ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಕಾಕನ ಪರವಾಗಿ ಬಂದ ಸಿಟ್ಟು ಅದು, ಇವತ್ತಿಗೂ ಹಾಗೆಂದೇ ನನಗೆ ನಾನು ಹೇಳಿಕೊಳ್ಳುತ್ತೇನೆ...

"ಅವರು ಅದನ್ನು ಹಾಕಲೇ ಇಲ್ಲ ಭಾವ. ಅದಕ್ಕೇ ಬರಲಿಲ್ಲ."

ಭಾವನ ಕೈ ತಟ್ಟೆಯಲ್ಲೇ ನಿಂತಿತು. ಬೈಯಲಿಲ್ಲ. ಅನ್ನವನ್ನು ಕೊನೆಯ ಅಗುಳಿನವರೆಗೂ ಉಂಡು ಎದ್ದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅಕ್ಕ ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು.

ಮರುದಿನ ಭಾವ ಕಾಕನ ಗ್ಯಾರೇಜಿನಿಂದ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ ಆ ಹಲ್ಲನ್ನು ಹಾಕಿಸಿದರು. ಸುದ್ದಿ ತಿಳಿದು ಕಾಕ ನಮ್ಮ ಶಾಲೆಯ ಗೇಟಿನವರೆಗೆ ಬಂದರು. ಒಳಗೆ ಬರಲಿಲ್ಲ. "ಎಂತಕ್ಕೆ ಹೇಳಿದ್ದು ಟೀಚರೇ?" ಅಷ್ಟೇ ಕೇಳಿದರು. ಅವರು ಒಮ್ಮೆ ಆಕಾಶ ನೋಡಿದರು. ಪಡುಗಡೆಯಲ್ಲಿ ಮೋಡ ಕಟ್ಟಲು ಇನ್ನೂ ದಿನಗಳಿದ್ದವು. ಅವರು ಅದನ್ನೇ ಲೆಕ್ಕ ಹಾಕುತ್ತಿದ್ದರೆಂದು ನನಗೆ ಹೊಳೆದದ್ದು ತಡವಾಗಿ.

ಜೂನಿನ ಮೊದಲ ಮಳೆ ಭಾನುವಾರ ಬೆಳಿಗ್ಗೆ ಸಣ್ಣಗೆ ಬಂದು ನಿಂತಿತು. ವರ್ಷವಿಡೀ ರಸ್ತೆ ಕುಡಿದ ಎಣ್ಣೆಯೆಲ್ಲ ಮೇಲೆದ್ದು ಬಣ್ಣಬಣ್ಣವಾಗಿ ಹೊಳೆಯುತ್ತಿತ್ತು. "ಬಾ, ನಿನ್ನ ಕಾಕನಿಗೆ ತೋರಿಸಿ ಬರುವ," ಎಂದರು ಭಾವ. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಬೇಡ ಎನ್ನಬಹುದಿತ್ತು.

ಗ್ಯಾರೇಜಿನ ಮುಂದೆ ಕಾರು ನಿಲ್ಲುತ್ತಲೇ ಕಾಕ ಹೊರಗೆ ಬಂದರು. ಭಾವನ ಕಡೆ ನೋಡದೆ ನೇರ ನನ್ನ ಬಾಗಿಲು ತೆರೆದರು.

"ನೀವು ಇಳಿಯಿರಿ ಟೀಚರೇ."

"ಹೆದರಿಕೆಯಾ?" ಭಾವ ನಕ್ಕರು. "ಹಾಗಾದ್ರೆ ನೀನು ಕೂತ್ಕೋ. ತಿರುವಿನವರೆಗೆ ಹೋಗಿ ಬರುವ."

"ಇವತ್ತು ಬೇಡ ಧನಿಗಳೇ. ರಸ್ತೆ ತೊಳೆದು ಹೋಗ್ಲಿ, ಮತ್ತೆ ನೋಡುವ."

"ನೀನು ಬಾರದಿದ್ರೆ ನಾನೊಬ್ಬನೇ ಹೋಗ್ತೇನೆ."

ಕಾಕ ಕೈ ಒರೆಸಿಕೊಂಡರು. ಸೀಟು ಕೊಳೆಯಾಗದಂತೆ ಒಂದು ಹಾಳೆ ಪೇಪರು ಹಾಸಿ, ಭಾವನ ಪಕ್ಕದಲ್ಲಿ ಕುಳಿತರು. ಬಾಗಿಲು ಹಾಕುವ ಮೊದಲು ನನಗೆಂದರು, "ಒಬ್ಬರೇ ಹೋದರೆ ಪೆಡಲಿನಿಂದ ಕಾಲು ತೆಗೆಯಿರಿ ಅಂತ ಹೇಳ್ಲಿಕ್ಕೆ ಜನ ಇಲ್ಲ."

ನಾನು ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತು ಕೇಳಿಸಿಕೊಂಡೆ. ಟರ್ಬೊದ ಆ ಸೀಟಿ ದೂರ ಹೋಯಿತು, ಏರಿತು. ನಂತರ ಟಯರಿನ ಉದ್ದ ಕೂಗು, ಒಂದು ಬಡಿತ. ನಂತರ... ಏನೂ ಇಲ್ಲ. ತಗಡಿನ ಮಾಡಿನಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

ಕಾರು ಹಿಂದುಮುಂದಾಗಿ ಮುರಕಲ್ಲಿನ ಗೋಡೆಗೆ ಬಡಿದಿತ್ತು, ಕಾಕ ಕುಳಿತಿದ್ದ ಕಡೆಯಿಂದ. ಅವರು ಆಸ್ಪತ್ರೆಯವರೆಗೂ ಉಳಿಯಲಿಲ್ಲ. ಭಾವನ ಕಾಲು ಮುರಿದಿತ್ತು. ಕಾಕನೇ ಟ್ರಯಲ್ ನೋಡಬೇಕೆಂದು ಹೊರಡಿಸಿದ್ದು ಎಂದು ಭಾವ ಪೊಲೀಸರಿಗೆ ಹೇಳಿಕೆ ಕೊಟ್ಟರು. ಹೌದೇ ಎಂದು ನನ್ನನ್ನು ಕೇಳಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಹೌದು ಎಂದೆ.

ನಲವತ್ತು ದಿನ ಕಳೆದ ಮೇಲೆ ಕಾಕನ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ಬೈಯಲಿಲ್ಲ. ಚಹಾ ಕೊಟ್ಟು, ಬಾಗಿಲ ಬಳಿ ಕುಳಿತು, ಒಂದೇ ಮಾತು ಕೇಳಿದರು: "ಕಾರಲ್ಲಿ ಅವರು ಕಡೆಗೆ ಎಂತ ಹೇಳಿದ್ರು ಟೀಚರೇ? ನಿಮ್ಮ ಭಾವನತ್ರ ಒಮ್ಮೆ ಕೇಳಿ ಹೇಳ್ತೀರಾ?"

"ಕೇಳ್ತೇನೆ," ಎಂದೆ.

ಭಾವ ಆಮೇಲೆ ಮೂವತ್ತೈದು ವರ್ಷಕ್ಕೂ ಮಿಕ್ಕಿ ಬದುಕಿದರು. ಕುಂಟುತ್ತ ನಡೆಯುತ್ತಿದ್ದರು, ಮತ್ತೆಂದೂ ಕಾರು ಓಡಿಸಲಿಲ್ಲ. ಅದೇ ಮೇಜಿನ ಎದುರು ಬದುರು ಕುಳಿತು ಎಷ್ಟೋ ಸಾವಿರ ಊಟ ಮಾಡಿದೆವು. ಕೆಲವೊಮ್ಮೆ ಆ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬರುತ್ತಿತ್ತು. ಅದು ಅವರಿಗೆ ಹೇಗೋ ತಿಳಿಯುತ್ತಿತ್ತು. ಊಟ ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಿದ್ದರು. ಹೋದ ವರ್ಷ ಅವರೂ ತೀರಿಕೊಂಡರು.

ಕಾಕನ ಹೆಂಡತಿ ಇನ್ನೂ ಇದ್ದಾರಂತೆ, ಬೆಂಗ್ರೆಯಲ್ಲಿ ಮಗಳ ಮನೆಯಲ್ಲಿ. ಕಣ್ಣು ಮಂಜಾಗಿದೆಯಂತೆ. ಫೆರಿಯಲ್ಲಿ ನದಿ ದಾಟಿದರೆ ಅರ್ಧ ಗಂಟೆಯ ದಾರಿ. ಈ ತಿಂಗಳು ಎರಡು ಸಲ ದೋಣಿ ಹತ್ತುವ ದಕ್ಕೆಯವರೆಗೆ ಹೋಗಿದ್ದೆ. ದೋಣಿ ಬಂತು, ಜನ ಹತ್ತಿದರು, ಹೊರಟಿತು... ನಾನು ವಾಪಸು ಬಂದೆ. ಹೋಗಿ ಹೇಳಲು ನನ್ನ ಬಳಿ ಏನೂ ಇಲ್ಲ. ಕೇಳೋಣವೆಂದರೆ, ಬಲ್ಲವರು ಯಾರೂ ಉಳಿದಿಲ್ಲ.