ಅತ್ತೆ ಮಣ್ಣಿಗಿಟ್ಟ ಮೇಣದ ತುಂಡು

ಅತ್ತೆಗೆ ಗರ್ಭಕೋಶದ ಕ್ಯಾನ್ಸರ್ ಎಂದಾಗ ತುಮಕೂರಿನಲ್ಲೇ ಆಪರೇಷನ್ ಆಯಿತು. ಗಾಯ ಬೇಗ ಮಾಯಿತು, ಅದು ಶಿವನ ಮೊದಲ ದಯೆ. ಹೊಲಿಗೆ ಬಿಚ್ಚಿಸಲು ಹೋದಾಗ ಲ್ಯಾಬಿನವರು ರಿಪೋರ್ಟಿನ ಜೊತೆ ಒಂದು ಪುಟ್ಟ ಡಬ್ಬಿ ಕೊಟ್ಟರು. ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿದ್ದರು. ಮುಂದೆ ಬೇಕಾಗಬಹುದು, ಜೋಪಾನ ಎಂದರು.

ಶೆಟ್ಟಿಹಳ್ಳಿಯ ಮನೆಗೆ ಬಂದು ಬೀರುವಿನಲ್ಲಿಡಲು ಹೋದರೆ ಅತ್ತೆ ಬಿಡಲಿಲ್ಲ.

"ಮೂರ್ ಮಕ್ಕಳನ್ನ ಹೊತ್ತಿದ್ ಗರ್ಭ ಕಣೇ ಅದು. ಸೀರೆ ಮಧ್ಯೆ ಇಡ್ತಾರೇನೇ? ನಮ್ಮೋರು ಮಣ್ಣಿಗೆ ಹೋಗೋ ಜನ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ದೇಹದ ಚೂರಿಗೂ ಅದೇ ನ್ಯಾಯ ಎಂದು ಅತ್ತೆಯ ಲೆಕ್ಕ. ಅಂಗಳದ ಬಿಲ್ವದ ಬುಡದಲ್ಲಿ ಗುಂಡಿ ತೋಡಿಸಿ, ಡಬ್ಬಿಗೆ ವಿಭೂತಿ ಹಚ್ಚಿ ಮಣ್ಣು ಮಾಡಿದರು.

ಮುಂದಿನ ಸಲ ಹೋದಾಗ ಡಾಕ್ಟರಮ್ಮ, ರೇಡಿಯೇಷನ್ ಬೇಕೋ ಬೇಡವೋ ತೀರ್ಮಾನಿಸಬೇಕು ಎಂದರು. ಬೇಕಾದರೆ ವಾರಗಟ್ಟಲೆ ಬೆಂಗಳೂರಿಗೆ ಅಲೆದಾಟ. ಅತ್ತೆಯ ಮೈಯಲ್ಲಿ ಅಷ್ಟು ಕಸುವಿರಲಿಲ್ಲ.

"ಗಡ್ಡೆ ಯಾವ ಥರದ್ದು ಅಂತ ಜೀನ್ ಪರೀಕ್ಷೆ ಮಾಡಿದ್ರೆ ಗೊತ್ತಾಗುತ್ತೆ. ಈಗ ನಮ್ಮಲ್ಲಿ ಈ ಕಾಯಿಲೆ ಇರೋ ಎಲ್ಲರಿಗೂ ಮಾಡಿಸೋಕೆ ಶುರು ಮಾಡಿದೀವಿ. ಆ ಡಬ್ಬಿ ತನ್ನಿ."

ನನ್ನ ಗಂಡ ನನ್ನ ಮುಖ ನೋಡಿದರು. ಅತ್ತೆಯೇ ಬಾಯಿಬಿಟ್ಟರು: "ಅದನ್ನ ಮಣ್ಣು ಮಾಡ್ಬುಟ್ನಲ್ಲ ತಾಯಿ."

ಡಾಕ್ಟರಮ್ಮ ನಗು ತಡೆದುಕೊಂಡರು. "ಮೇಣ ಅಲ್ವಾ ಅಜ್ಜಿ, ಕೆಟ್ಟಿರಲಿಕ್ಕಿಲ್ಲ. ತೆಗೀರಿ, ನೋಡೋಣ."

ಹೂತಿದ್ದನ್ನು ಎತ್ತುವುದುಂಟೇ ಎಂದು ಅತ್ತೆ ಹಿಂಜರಿದರು. ಮನೆಯಲ್ಲಿ ಗಂಡ ರೇಗಿದರು: "ಅದೇನ್ ಸಮಾಧಿನಾ ಅವ್ವಾ? ನಾನೇ ಅಗೀತೀನಿ ಬುಡು."

"ಸುಮ್ಕಿರ್ಲಾ. ನಂದು ಅದು, ನಿಂದಲ್ಲ."

ಮಾರನೆಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅತ್ತೆ ತಾವೇ ಅಂಗಳಕ್ಕಿಳಿದರು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, "ಭೂಮ್ತಾಯಿ, ಕೊಟ್ಟಿದ್ದನ್ನ ಕಿತ್ಕೊತಿಲ್ಲ, ಕೇಳ್ತಿದೀನಿ. ನಾನ್ ಬರೋವಾಗ ಪೂರ್ತಿ ಬರ್ತೀನಿ" ಎಂದು ಗುದ್ದಲಿಯನ್ನು ನನ್ನ ಕೈಗೆ ಕೊಟ್ಟರು. ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ಅದೊಂದು ದಯೆ.

ಡಬ್ಬಿಯನ್ನು ಆಸ್ಪತ್ರೆಗೆ ಕೊಟ್ಟು ಬಂದ ಮೇಲೆ ಫಲಿತಾಂಶ ಬರುವವರೆಗೂ ಅತ್ತೆ ನಿಶ್ಚಿಂತೆಯಿಂದಿದ್ದರು. ಒಲೆಯ ಮುಂದೆಯೂ ಫೋನು ಇಟ್ಟುಕೊಂಡು ಕಾದವಳು ನಾನು. ಕೊನೆಗೆ ಡಾಕ್ಟರಮ್ಮ ಕೂರಿಸಿ ಹೇಳಿದರು: ಈ ಥರದ ಗಡ್ಡೆ ತಿರುಗಿ ಬರುವುದು ಬಹಳ ಅಪರೂಪ. ರೇಡಿಯೇಷನ್ ಬೇಡ, ಕೀಮೋ ಬೇಡ, ತಪ್ಪದೆ ಬಂದು ತೋರಿಸಿಕೊಂಡರೆ ಸಾಕು.

"ಹಂಗಾದ್ರೆ ಕುಣಿಗಲ್ ಬಸ್ ಹತ್ಬೋದಾ? ಹುಲಿಯೂರುದುರ್ಗದಲ್ಲಿ ನನ್ ತಂಗಿ ಅವ್ಳೆ" ಎಂದರು ಅತ್ತೆ.

ಈಗ ಆ ಆಸ್ಪತ್ರೆಯಲ್ಲಿ ಚೂರನ್ನು ಮನೆಯವರ ಕೈಗೆ ಕೊಡದೆ ತಾವೇ ನೇರವಾಗಿ ಪರೀಕ್ಷೆಗೆ ಕಳಿಸುತ್ತಾರೆ. ನಮ್ಮತ್ತೆಯಿಂದಲೇ ಆ ಕ್ರಮ ಬಂತು ಎಂದು ನಾನು ಹೇಳಿಕೊಳ್ಳುವುದುಂಟು, ಡಾಕ್ಟರಮ್ಮ ಇಲ್ಲದಾಗ.

ಹೋದ ತಿಂಗಳು ಗುಬ್ಬಿಯ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕೂತಿದ್ದ ನೆಂಟರ ಹೆಂಗಸು, ಮುಟ್ಟು ನಿಂತು ವರ್ಷಗಳಾದರೂ ಮತ್ತೆ ರಕ್ತ ಹೋಗುತ್ತಿದೆ ಎಂದು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರು.

"ನಾಚ್ಕೆ ಯಾಕೇ? ನಾಳೆನೇ ಹೋಗಿ ತೋರ್ಸು. ಗಡ್ಡೆ ಗಿಡ್ಡೆ ಅಂದ್ರೆ, ಯಾವ ಥರದ್ದು ಅಂತ ಪರೀಕ್ಷೆ ಮಾಡ್ತೀರಾ ಅಂತ ಬಾಯ್ಬಿಟ್ಟು ಕೇಳು" ಎಂದು ಅತ್ತೆ ಸಾಲಿಗೆಲ್ಲ ಕೇಳುವಂತೆ ಹೇಳಿದರು.

ಎದುರು ಸಾಲಿನವರೂ ತಿರುಗಿ ನೋಡಿದರು. ನಾನು ಅತ್ತೆಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದೆ.