ಮುಂಡರಗಿ ರಾಜನ ಕುದುರೆ ನೆಗೆತ

ಮುಂಡರಗಿಯ ಬಜಾರದಲ್ಲಿ ಬಾಂಡೆ ಸಾಮಾನಿನ ಅಂಗಡಿ ನಡೆಸುತ್ತಿದ್ದ ಗುರುಸಿದ್ದವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಿರಾಕಿ ಕೊಡವನ್ನು ತಿರುಗಿಸಿ ನೋಡಿ "ಹೊಳಪು ಕಡಿಮಿ ಐತಲ್ಲವ್ವಾ" ಎಂದರೆ ಸಾಕು, "ಹೊಳಪಿನ್ಯಾಗ ನೀರು ತುಂಬತೀಯೇನು? ತೂಕಾ ನೋಡು" ಎಂದು ಕೊಡವನ್ನು ಕಸಿದುಕೊಂಡು ಒಳಗಿಡುತ್ತಿದ್ದಳು. ಗಂಡ ತೀರಿಕೊಂಡಾಗ ಅಂಗಡಿ ಮಾರಿಬಿಡು ಎಂದು ಬಂಧುಬಳಗವೆಲ್ಲ ಬುದ್ಧಿ ಹೇಳಿತ್ತು. ಆ ಬುದ್ಧಿಯನ್ನು ಅವರಿಗೇ ಗಂಟು ಕಟ್ಟಿ ವಾಪಸು ಕಳಿಸಿದ ಹೆಣ್ಣುಮಗಳು.

ಆಕೆಗಿದ್ದ ಒಂದೇ ಚಟ ಚದುರಂಗ. ಅಜ್ಜ ಕಲಿಸಿದ್ದು. ಮಧ್ಯಾಹ್ನ ಬಜಾರ ತೂಕಡಿಸುವ ಹೊತ್ತಿಗೆ ಎದುರಿನ ಬಳೆ ಅಂಗಡಿಯ ನಜೀರಸಾಬರು ಬಂದು ಆಕೆಯ ಕಟ್ಟೆಯ ಮೇಲೆ ಕೂಡುವರು, ಆಟ ಶುರುವಾಗುವುದು. ಆ ಆಟದಲ್ಲಿ ಪ್ಯಾದೆ, ಅಂದರೆ ಕಾಲಾಳು, ಒಂದೊಂದೇ ಮನೆ ನಡೆಯಬೇಕು, ಹೊಸ ಆಟದಂತೆ ಮೊದಲ ನಡೆಗೆ ಎರಡು ಮನೆ ಹೋಗುವಂತಿಲ್ಲ. ರಾಜನಿಗೆ ಇನ್ನೂ ಯಾರೂ ಶಹ, ಅಂದರೆ ಚೆಕ್, ಕೊಟ್ಟಿರದಿದ್ದರೆ ಆತ ಒಂದು ಸಲ, ಒಂದೇ ಸಲ, ಕುದುರೆಯಂತೆ ನೆಗೆಯಬಹುದು. ಆ ನೆಗೆತವನ್ನು ಯಾವಾಗ ಬಳಸಬೇಕು ಎಂಬುದರಲ್ಲೇ ಆಟಗಾರನ ತಲೆ ಎಂಥದು ಎಂಬುದು ತಿಳಿಯುತ್ತಿತ್ತು.

೧೯೮೬ರಲ್ಲಿ ಗದಗಿನ ಒಂದು ಯುವಕ ಸಂಘದವರು ಚದುರಂಗ ಸ್ಪರ್ಧೆ ಇಟ್ಟರು. ಗುರುಸಿದ್ದವ್ವ ಹೋದಳು. ಮೊದಲ ಆಟದಲ್ಲೇ, ಎದುರಿನ ಹುಡುಗ ಬೆವರುತ್ತಿದ್ದಾಗ, ಆಕೆಯ ರಾಜ ನೆಗೆದ. ಸಂಘದ ಕಾರ್ಯದರ್ಶಿಯೂ ತೀರ್ಪು ಹೇಳುವ ಪಂಚನೂ ಆಗಿದ್ದ ಸಂಗಪ್ಪ ಬಂದು ರಾಜನನ್ನು ಎತ್ತಿ ಪಕ್ಕಕ್ಕಿಟ್ಟ.

"ಇದು ಹಳ್ಳಿ ಆಟ, ಅವ್ವಾರ. ನಿಯಮದಾಗಿಲ್ಲ. ನೀವು ಸೋತ್ರಿ."

ಸುತ್ತ ನಿಂತವರು ನಕ್ಕರು. ಆಕೆ ಸೀರೆಯ ಸೆರಗು ಬಿಗಿದುಕೊಂಡು ಎದ್ದು ನಿಂತಳು. "ನಮ್ಮಜ್ಜನ ರಾಜ ನಿಮ್ಮ ಅಪ್ಪಣಿ ಕೇಳಿ ನೆಗೀತಿದ್ದಿಲ್ಲ" ಎಂದು ಹೇಳಿ ಬಸ್ಸು ಹತ್ತಿದಳು.

ಊರಿಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಖರೆ ಹೇಳಬೇಕೆಂದರೆ ಸಿಟ್ಟಿನ ಅಡಿಯಲ್ಲಿದ್ದದ್ದು ಹೆದರಿಕೆ. ನಜೀರಸಾಬರ ಕಣ್ಣಿಗೆ ಪೊರೆ ಬಂದಿತ್ತು, ಒಂಟೆ ಕಾಯಿಗೂ ಪ್ಯಾದೆಗೂ ವ್ಯತ್ಯಾಸ ಕಾಣದೆ ತಡವರಿಸುತ್ತಿದ್ದರು. ಹೊಸ ಹುಡುಗರೆಲ್ಲ ಹೊಸ ನಿಯಮದ ಆಟವನ್ನೇ ಕಲಿಯುತ್ತಿದ್ದರು. ನಜೀರಸಾಬರ ನಂತರ ಈ ಆಟ ಆಡಲು ಇಡೀ ಮುಂಡರಗಿಯಲ್ಲಿ ಆಕೆಯೊಬ್ಬಳೇ ಉಳಿಯುತ್ತಿದ್ದಳು. ಒಬ್ಬರೇ ಆಡುವ ಚದುರಂಗ ಎಂಥ ಚದುರಂಗ?

ಹುಲಕೋಟಿಯಲ್ಲಿ ಗಣಿತ ಮಾಸ್ತರನಾಗಿದ್ದ ತಂಗಿಯ ಮಗ ಚನ್ನಬಸವಣ್ಣ ಒಂದು ಭಾನುವಾರ ಬಂದವನು, ಈಗ ಕಂಪ್ಯೂಟರೂ ಚದುರಂಗ ಆಡುತ್ತದೆ ಎಂದು ಮಾತಿನ ನಡುವೆ ಹೇಳಿದ. ಗುರುಸಿದ್ದವ್ವ ಕೈಯಲ್ಲಿದ್ದ ಗಂಗಾಳ ಕೆಳಗಿಟ್ಟಳು.

"ಅದಕ್ಕ ನಮ್ಮ ಆಟ ಕಲಸಾಕ ಬರತೈತೇನು?"

"ಕಲಸಾಕ ಬರೋ ಮಷಿನ್ನೂ ಅದಾವು, ಬರಲಾರದವೂ ಅದಾವು ದೊಡ್ಡವ್ವಾ. ನೋಡಿ ತಗೋಬೇಕು."

"ನಡಿ ಹಂಗಾರ."

ಗದಗಿನಲ್ಲಿ ಟೀವಿ, ರೇಡಿಯೋ ಮಾರುತ್ತಿದ್ದ ಪುಂಡಲೀಕಪ್ಪನ ಅಂಗಡಿಗೆ ಮುಂಬಯಿಯಿಂದ ಎರಡು ಬಗೆಯ ಮಷಿನ್ ಬಂದಿದ್ದವು. ಕೊಳ್ಳುವಾಕೆ ಗುರುಸಿದ್ದವ್ವ, ಆದರೆ ಪುಂಡಲೀಕಪ್ಪ ಮಾತಾಡಿದ್ದು ಚನ್ನಬಸವಣ್ಣನ ಮುಖ ನೋಡಿ. "ಇದನ್ನ ತಗೋರಿ ಸರ. ಹದಿನಾರು ಬಣ್ಣ, ಹಿಡದ ಆಡಾಕ ಹಿಡಿಕಿ, ವಿಮಾನ ಹೊಡಿಯೋ ಆಟ, ಕಾರಿನ ಆಟ, ಚೆಸ್ಸೂ ಐತಿ. ಆಟದ ಡಬ್ಬಿ ಸಿಗಿಸಿದ್ರ ಆತು, ಶುರು."

"ಈ ಕಡಿ ನೋಡಿ ಹೇಳು ತಮ್ಮಾ" ಎಂದಳು ಗುರುಸಿದ್ದವ್ವ. "ಆ ಇನ್ನೊಂದು ಯಾಕ ಹಂಗ ಕರ್ರಗ ಕುಂತೈತಿ?"

ಅದು ಕೀಲಿಮಣೆಯೇ ಮೈಯಾಗಿದ್ದ ಚಿಕ್ಕ ಕಂಪ್ಯೂಟರು. ಟೀವಿಗೆ ಜೋಡಿಸಬೇಕು, ಆಟವನ್ನು ಕ್ಯಾಸೆಟ್ಟಿನಿಂದ ತುಂಬಬೇಕು. ಹದಿನಾರು ಕೆ, ನಲವತ್ತೆಂಟು ಕೆ, ಮೂರೂವರೆ ಮೆಗಾಹರ್ಟ್ಸ್ ಎಂದು ಪುಂಡಲೀಕಪ್ಪ ಒಂದೇ ಉಸಿರಿನಲ್ಲಿ ಒದರಿದ. ಹಾಗೆಂದರೇನು ಎಂದು ಆಕೆ ಕೇಳಿದಾಗ ಅವನಿಗೆ ಕೆಮ್ಮು ಬಂತು. ಬಿಡಿಸಿ ಹೇಳಿದವನು ಚನ್ನಬಸವಣ್ಣ: ಕೆ ಎಂದರೆ ಅದರ ತಲೆಯೊಳಗೆ ಎಷ್ಟು ಹಿಡಿಸುತ್ತದೆ ಎಂಬ ಅಳತೆ, ಮೆಗಾಹರ್ಟ್ಸ್ ಎಂದರೆ ಎಷ್ಟು ಚುರುಕು ಎಂಬುದು, ಬಣ್ಣ ಎಂದರೆ ಬರೀ ಬಣ್ಣ. ಆಕೆಗೆ ಮೊದಲನೆಯದೂ ಮೂರನೆಯದೂ ತಕ್ಷಣ ತಿಳಿದವು. ಅವು ಆಕೆಯ ಅಂಗಡಿಯದೇ ಮಾತು.

ಬಣ್ಣದ ಮಷಿನಿನಲ್ಲಿ ಚೆಸ್ ಹಾಕಿಸಿ, ರಾಜನನ್ನು ಕುದುರೆಯಂತೆ ನೆಗೆಸಲು ಹೇಳಿದಳು. ಮಷಿನ್ ಕೊಂಯ್ ಎಂದಿತು. ಇನ್ನೊಮ್ಮೆ ಮಾಡಿಸಿದಳು. ಇನ್ನೊಮ್ಮೆ ಕೊಂಯ್.

"ಈ ಕೊಂಯ್ ಬಿಡಸಾಕ ಬರತೈತೇನು?"

"ಇಲ್ರೀ. ಡಬ್ಬ್ಯಾಗ ಕೂಡಿಸಿ ಮುಚ್ಚಿಬಿಟ್ಟಿರತಾರ."

"ಕರೇದರಾಗ?"

"ಅದರಾಗ ನೀವ ಬರಕೋಬಹುದು" ಎಂದ ಪುಂಡಲೀಕಪ್ಪ, ಅದೊಂದು ದೊಡ್ಡ ಕೊರತೆ ಎಂಬಂತೆ. "ಆದ್ರ ತ್ರಾಸ ಭಾಳ. ತಗೊಂಡ್ರೂ ಹದಿನಾರು ಕೆ ಸಾಕ್ರಿ."

"ನಮ್ಮ ಆಟದಾಗ ಕಟ್ಟಳಿ ಭಾಳ ಅದಾವು. ನಲವತ್ತೆಂಟರದು ಕಟ್ಟು."

ಚೆಸ್ಸಿನ ಕ್ಯಾಸೆಟ್ಟು ಬೇಡವೇ ಎಂದು ಅವನು ಕೇಳಿದ. ಅವರ ಆಟ ನನಗೆ ಬೇಡ, ಖಾಲಿ ಮಷಿನ್ ಕೊಡು ಎಂದಳು. ಖಾಲಿ ಕೊಡ ಕೊಳ್ಳುವವರನ್ನು ಕಂಡಿದ್ದೇವೆ, ಖಾಲಿ ಕಂಪ್ಯೂಟರ್ ಕೊಂಡವಳು ಈ ನಾಲ್ಕೂರುಗಳಲ್ಲಿ ಆಕೆಯೊಬ್ಬಳೇ ಇರಬೇಕು.

ಭಾನುವಾರಗಳು ಅದಕ್ಕೇ ಮೀಸಲಾದವು. ಆಕೆ ಕಟ್ಟಳೆ ಹೇಳುವಳು, ಚನ್ನಬಸವಣ್ಣ ಅದನ್ನು ಮಷಿನಿನ ಭಾಷೆಗೆ ತಿರುಗಿಸಿ ಒತ್ತುವನು, ನಜೀರಸಾಬರು ಕಣ್ಣು ಮುಚ್ಚಿಕೊಂಡು ತಪ್ಪು ಹಿಡಿಯುವರು. ಶಹ ತಿಂದ ರಾಜನೂ ನೆಗೆಯಬಹುದು ಎಂದು ಲಕ್ಷ್ಮೇಶ್ವರದಲ್ಲಿ ಆಡುತ್ತಾರೆ ಎಂದರು ಒಮ್ಮೆ. ಶಿರಹಟ್ಟಿಯಲ್ಲಿ ಮತ್ತೊಂದು ತರ ಎಂದರು. "ಅವರು ಬೇಕಾದ್ರ ತಮ್ಮ ಮಷಿನ್ ತಾವ ತರಲಿ" ಎಂದಳು ಗುರುಸಿದ್ದವ್ವ. ಮುಂಡರಗಿ ಕಟ್ಟಳೆಯೇ ನಿಂತಿತು.

ಮೊದಲರ್ಧ ಮುಗಿದ ದಿನ ಕರೆಂಟು ಹೋಯಿತು. ಬಂದಾಗ ಪರದೆ ಬೋಳಾಗಿತ್ತು. ಪ್ಯಾದೆಯಿಲ್ಲ, ಕುದುರೆಯಿಲ್ಲ, ಒತ್ತಿದ ಒಂದಕ್ಷರವೂ ಇಲ್ಲ. ಕರೆಂಟು ಹೋದರೆ ಮಷಿನ್ ಎಲ್ಲವನ್ನೂ ಮರೆಯುತ್ತದೆ, ಆಗಾಗ ಕ್ಯಾಸೆಟ್ಟಿಗೆ ತುಂಬಿಡಬೇಕಿತ್ತು ಎಂದು ಚನ್ನಬಸವಣ್ಣ ತಲೆ ತಗ್ಗಿಸಿಕೊಂಡು ಹೇಳಿದ. ಗುರುಸಿದ್ದವ್ವ ಅವನನ್ನು ಬೈಯಲಿಲ್ಲ, ತನ್ನನ್ನೇ ಬೈದುಕೊಂಡಳು. ಇಡೀ ಜನ್ಮ ಬಾಂಡೆ ಮಾರಿದಾಕೆ, ಎಷ್ಟು ಹಿಡಿಸುತ್ತದೆ ಎಂದು ಕೇಳಿದಳೇ ಹೊರತು ಸೋರುತ್ತದೆಯೇ ಎಂದು ಕೇಳಲಿಲ್ಲ! ಮರುವಾರ ಮತ್ತೆ ಮೊದಲಿನಿಂದ ಶುರು ಮಾಡಿದರು, ಈ ಸಲ ಹತ್ತು ಸಾಲಿಗೊಮ್ಮೆ ಕ್ಯಾಸೆಟ್ಟು ಓಡಿಸುತ್ತ.

ಮಳೆಗಾಲ ಮುಗಿಯುವ ಹೊತ್ತಿಗೆ ಮಷಿನ್ ಆಡತೊಡಗಿತು. ಚುರುಕೇನಲ್ಲ. ಒಂದು ನಡೆಗೆ ಆಕೆ ಚಹಾ ಕಾಸಿ ಕುಡಿದು ಬರಬಹುದಿತ್ತು. ಆಡುವುದೂ ದಡ್ಡನಂತೆ. ಆದರೂ ಒಂದು ಮಧ್ಯಾಹ್ನ, ಯಾರೂ ಹೇಳದೆ, ಪರದೆಯ ಮೇಲಿನ ರಾಜ ಕುದುರೆಯಂತೆ ನೆಗೆದ. ಗುರುಸಿದ್ದವ್ವ ನಜೀರಸಾಬರ ತೋಳು ಹಿಡಿದು ಕೂಗಿಬಿಟ್ಟಳು. "ನೆಗದ್ನೇನು?" ಎಂದು ಕೇಳಿದ ಮುದುಕರ ಕಣ್ಣಲ್ಲಿ ನೀರು ಬಂತು. ಆಕೆಗೂ ಬಂತು.

ಸುದ್ದಿ ಗದಗಿಗೆ ಮುಟ್ಟಲು ತಡವಾಗಲಿಲ್ಲ. ಮುಂದಿನ ಸ್ಪರ್ಧೆಗೆ ಮುನ್ನ ಸಂಗಪ್ಪ ತಾನೇ ಬಂದ. ಮಷಿನನ್ನು ಸುತ್ತಲಿಂದ ನೋಡಿ, ಇದನ್ನು ಸ್ಪರ್ಧೆಯಲ್ಲಿ ಪ್ರದರ್ಶನಕ್ಕಿಡೋಣ, ನಿಮಗೆ ಶಾಲು ಹೊದಿಸುತ್ತೇವೆ ಎಂದ.

"ಒಂದ ಮಾತು ಅವ್ವಾರ. ಆ ರಾಜನ ನೆಗೆತ ಅಷ್ಟ ತಗಸಿಬಿಡ್ರಿ. ಮಂದಿಗೆ ತಪ್ಪು ಕಲಿಸಿದಂಗ ಆಕ್ಕೈತಿ."

ಚನ್ನಬಸವಣ್ಣ ಸುಳ್ಳಾಡದ ಮನುಷ್ಯ. "ಅದೇನ ದೊಡ್ಡದಲ್ಲರಿ. ನಾಕ ಸಾಲು ಅಳಿಸಿದ್ರ ಆತು" ಎಂದುಬಿಟ್ಟ.

ಗುರುಸಿದ್ದವ್ವ ಮಷಿನಿನ ಕಡೆ ತಿರುಗಿದಳು. ಇಷ್ಟು ದಿನ ತನ್ನ ಹಠವನ್ನೆಲ್ಲ ಮಷಿನಿನೊಳಗೆ ತುಂಬಿ ಭದ್ರ ಮಾಡಿದ್ದೇನೆ ಎಂದುಕೊಂಡಿದ್ದಳು. ಅದು ತನ್ನ ಮಾತು ಕೇಳಿದ ಹಾಗೆಯೇ ನಾಳೆ ಸಂಗಪ್ಪನ ಮಾತನ್ನೂ ಕೇಳುತ್ತದೆ. ಮೂರು ಕಾಸಿನ ಹಠವಿಲ್ಲ ಅದಕ್ಕೆ. ಹಠ ಹಿಡಿಯುವ ಕೆಲಸ ಮನುಷ್ಯರದೇ.

"ಅಳಸಾಂಗಿಲ್ಲ" ಎಂದಳು. "ನಿಮ್ಮ ಶಾಲು ನೀವ ಹೊದಕೋರಿ. ನಿಮ್ಮ ಆಟಕ್ಕ ನಾ ತಪ್ಪು ಅಂದಿಲ್ಲ, ನಮ್ಮ ಆಟಕ್ಕ ತಪ್ಪು ಅನ್ನಾಕ ನೀವು ಯಾರು?"

ಸಂಗಪ್ಪನ ಮುಖ ಕೆಂಪಾಯಿತು. ಎದ್ದ. ಗದಗಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಹೊರಗೆ ಬಿಸಿಲು ಸುಡುತ್ತಿತ್ತು. ಆಕೆ ಮಷಿನ್ ಬಂದ್ ಮಾಡಿ, ಅಜ್ಜನ ಮರದ ಚದುರಂಗದ ಹಾಸನ್ನು ಕಟ್ಟೆಯ ಮೇಲಿಟ್ಟು ಕಾಯಿ ಹೂಡಿದಳು.

"ಬಸ್ ಬರೂತನಾ ಏನ ಮಾಡ್ತೀರಿ? ಕುಂಡ್ರಿ. ಬಿಳಿ ನಿಮ್ಮದು."

ಸಂಗಪ್ಪ ಒಂದು ಗಳಿಗೆ ರಸ್ತೆಯ ಕಡೆ ನೋಡಿದ, ಆಮೇಲೆ ಕುಳಿತ. ಅವನ ಕೈ ಹೊಸ ಆಟದ ರೂಢಿಯಂತೆ ಪ್ಯಾದೆಯನ್ನು ಎರಡು ಮನೆ ಮುಂದಕ್ಕೆ ಒಯ್ದಿತು. ಗುರುಸಿದ್ದವ್ವ ಅವನ ಮುಖ ನೋಡಿದಳು. ಅವನು ಪ್ಯಾದೆಯನ್ನು ಒಂದು ಮನೆ ಹಿಂದಕ್ಕೆ ತಂದಿಟ್ಟ.