ಮಲಕಾರಿಯ ತೊಳೆಯದ ಚಡ್ಡಿ

ಜುಗೂಳದ ಮಲಕಾರಿ ಗಾಡಿ ಹತ್ತಿದನೆಂದರೆ ಎತ್ತುಗಳು ಓಡುತ್ತಿರಲಿಲ್ಲ, ಹಾರುತ್ತಿದ್ದವು. ಇಲ್ಲೆದ್ದ ಧೂಳಿಗೆ ಮಿರಜದವರು ಸೀನುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ ಇಂಥ ಶೂರನನ್ನು ಕೆಡವಿದ್ದು ಒಂದು ಕುರು. ಅದೂ ಕುಂಡಿಯ ಮೇಲೆ!

ಒಂದು ಒಡೆದು ಒಣಗುವಷ್ಟರಲ್ಲಿ ಮಗ್ಗುಲಲ್ಲೇ ಇನ್ನೊಂದು. ಉಳ್ಳಾಗಡ್ಡಿ ಸುಟ್ಟು ಕಟ್ಟಿದ, ಅರಿಶಿನ ಮೆತ್ತಿದ, ತಾನೇ ಹಿಂಡಿಕೊಂಡ. ಹಿಂಡಿದಷ್ಟೂ ಬಾವು ಕುಂಬಳಕಾಯಿಯಾಯಿತು. ಐಗಳಿಯ ಗಾಡಿ ಓಟದ ಶರ್ಯತ್ತು ತಿಂಗಳೊಪ್ಪತ್ತಿನಲ್ಲಿತ್ತು.

"ಏನ್ಲೇ, ಈ ಸಲ ಬೋರಲ ಮಲಗಿ ಗಾಡಿ ಹೊಡೀತಿಯೇನ?" ಎಂದ ಎದುರಾಳಿ ಜಕ್ಕಪ್ಪ. ಊರು ನಕ್ಕಿತು. ತನ್ನ ಎತ್ತುಗಳೂ ನಕ್ಕಂತೆ ಮಲಕಾರಿಗೆ ಕಂಡಿತು.

ಹೆಂಡತಿ ಶಿವಗಂಗವ್ವ ಅವನನ್ನು ಬಸ್ಸಿಗೆ ಹತ್ತಿಸಿದಳು. ಖಾಲಿ ಸೀಟುಗಳ ನಡುವೆ ಅಥಣಿಯವರೆಗೂ ನಿಂತೇ ಹೋದ. ದವಾಖಾನೆಯಲ್ಲಿ ಹೆಣ್ಣು ಡಾಕ್ಟರು, ಕಮರುನ್ನಿಸಾ ಬಾಯಿ! ಓಡಲು ತಿರುಗಿದವನ ಅಂಗಿಯನ್ನು ಹೆಂಡತಿ ಹಿಡಿದಳು.

"ನಾಚಿಕಿ ಆಮ್ಯಾಲ ಪಡ್ರಿ, ಮೊದಲ ಮಗ್ಗಲಾಗ್ರಿ," ಎಂದರು ಬಾಯಿ. ಮರಗಟ್ಟಿಸುವ ಸೂಜಿ ಚುಚ್ಚಿ, ಬಾವು ಕೊಯ್ದು, ಕೀವು ತೆಗೆದು ಗಾಯದೊಳಗೆ ಬಟ್ಟೆಯ ಬತ್ತಿ ಇಟ್ಟರು. ಅವನು ಕೂಗಿದ ಕೂಗಿಗೆ ಕೃಷ್ಣೆ ಹಿಂದಕ್ಕೆ ಹರಿದಳಂತೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಕಾಣಲಿಲ್ಲ.

"ಮತ್ತ ಮತ್ತ ಯಾಕ ಬರತೈತಿ? ಆ ಜಾಗಾಕ ದಿನಾ ಹತ್ತೂದೇನು?" ಎಂದು ಕೇಳಿದರು ಬಾಯಿ.

"ಶರ್ಯತ್ತಿನ ಚಡ್ಡಿರಿ, ಬಾಯಾರ," ಎಂದಳು ಶಿವಗಂಗವ್ವ. "ಮೊದಲ್ನೇ ಸಲ ಗೆದ್ದಾಗಿಂದ ನೀರ ಕಂಡಿಲ್ಲ. ಬಿಚ್ಚಿಟ್ರ ತಾನ ನಿಂದರತೈತಿ!"

"ತೊಳದ್ರ ಗೆಲುವು ಹರದು ಹೋಗತೈತ್ರಿ," ಮಲಕಾರಿ ಗೊಣಗಿದ.

"ಅದರಾಗ ಕುಂತದ್ದು ಗೆಲುವಲ್ಲ ಯಪ್ಪಾ, ಕೀವಿನ ಕ್ರಿಮಿ. ನೀವು ಹಿಂಡಿದಾಗೊಮ್ಮೆ ಒಳಗ ಹಬ್ಬತಾವು. ಚಡ್ಡಿ ಕುದಿಸಿ ಬಿಸಲಿಗೆ ಹಾಕ್ರಿ. ಟಾವೆಲ್ ನಿಮ್ಮದು ಬ್ಯಾರೆ ಇರ್ಲಿ. ನೋವು ಹೋತಂತ ಗುಳಗಿ ನಡುವ ಬಿಡಬ್ಯಾಡ್ರಿ. ಗಾಯ ಮಾಯೂತನಕ ಗಾಡಿ ಹತ್ತಬ್ಯಾಡ್ರಿ."

ಹಂಡೆಯಲ್ಲಿ ಚಡ್ಡಿ ಕುದಿಯುವಾಗ ಮಲಕಾರಿ ಹೆಣದ ಮುಂದೆ ಕೂತಂತೆ ಕುಕ್ಕರಗಾಲಿನಲ್ಲಿ ಕೂತಿದ್ದ. ಆ ನೀರು ಚೆಲ್ಲಿದಲ್ಲಿ ಇಂದಿಗೂ ಹುಲ್ಲು ಹುಟ್ಟಿಲ್ಲ. ಕರಿ ಚಡ್ಡಿ ಎಂದು ಊರೇ ನಂಬಿದ್ದುದು ನೀಲಿಯಾಗಿ ಹೊರಬಂತು!

ಗಾಯ ಮಾಯ್ದಿತ್ತು. ಶರ್ಯತ್ತಿನ ದಿನ ಐಗಳಿಯಲ್ಲಿ ಜಕ್ಕಪ್ಪ ಕಣ್ಣರಳಿಸಿದ: "ಯಾರ ಚಡ್ಡಿ ಹಾಕ್ಕೊಂಡು ಬಂದೀಲೇ?"

ಮಲಕಾರಿ ಉಸಿರು ಬಿಗಿಹಿಡಿದು ಗಾಡಿಯ ಮೇಲೆ ಧೊಪ್ಪನೆ ಕೂತ. ನೋವಿಲ್ಲ! ಇನ್ನೊಮ್ಮೆ ಎದ್ದು ಕೂತ. ಇಲ್ಲವೇ ಇಲ್ಲ! ಖುಷಿಗೆ ಅವನು ಹಾಕಿದ ಕೇಕೆಗೇ ಎತ್ತುಗಳು ಬೆದರಿ ಹಾರಿದವು. ಜಕ್ಕಪ್ಪನ ಗಾಡಿಗೆ ಧೂಳಷ್ಟೇ ಸಿಕ್ಕಿತು.

ಗೆದ್ದವನ ತಲೆಗೆ ಪಟಗಾ ಸುತ್ತಿ ಕುರ್ಚಿ ಕೊಟ್ಟರು. ಕೊಟ್ಟವರು ಸಂಜೆಯವರೆಗೂ ಕಾದರು. ಮಲಕಾರಿ ಏಳಲೇ ಇಲ್ಲ.